ಬಾಲ್ಕನಿಯ ಸೆನ್ಸರ್‌ಗೆ ಹೊಸ ಕಿವಿ

ನೆದರ್‌ಲ್ಯಾಂಡ್ಸಿನ ಹವೆಯನ್ನು ನಂಬಿ ಕೊಡೆ ಬಿಟ್ಟು ಹೊರಟವರು ನೆನೆದೇ ಮನೆಗೆ ಬರುತ್ತಾರೆ. ಹಾಗಾಗಿ ಐಂಡ್‌ಹೋವನ್ನಿನ ನಮ್ಮ ಬೀದಿಯಲ್ಲಿ ಮನೆಯೊಳಗೊಂದು ಪರದೆ, ಹೊರಗೊಂದು ಸೆನ್ಸರ್ ಇರುವ ಪುಟ್ಟ ಹವಾಮಾನ ಯಂತ್ರಗಳಿಗೆ ಬರವಿಲ್ಲ. ನಮ್ಮ ಮನೆಯಲ್ಲಿ ಪರದೆ ಕೆಟ್ಟಿತು. ಬಾಲ್ಕನಿಯ ಸೆನ್ಸರ್ ಮಾತ್ರ ಎರಡು ಪೆನ್ಸಿಲ್ ಸೆಲ್ ನುಂಗಿಕೊಂಡು ಗಟ್ಟಿಮುಟ್ಟಾಗಿತ್ತು. ಇಡೀ ಸೆಟ್ಟನ್ನೇ ಹೊಸದಾಗಿ ತಗೊಳ್ಳಿ ಎಂದರು ಅಂಗಡಿಯವರು. ನಾನು ತಗೊಳ್ಳಲಿಲ್ಲ. ಸೆನ್ಸರ್ ಕೂಗುತ್ತಲೇ ಇತ್ತು, ಕೇಳುವ ಕಿವಿ ಬೇಕಿತ್ತು ಅಷ್ಟೆ.

ಆ ಕಿವಿ ಎಂದರೆ ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಅಗ್ಗದ ಡಾಂಗಲ್. ಮೂಲತಃ ಟಿವಿ ನೋಡಲೆಂದು ಮಾಡಿದ್ದು. ಅದರೊಳಗಿನ ರಿಯಲ್‌ಟೆಕ್ ಚಿಪ್, ಆಂಟೆನಾಗೆ ಬಿದ್ದ ಅಲೆಯನ್ನು ಹಸಿ ಅಂಕಿಗಳಾಗಿಯೇ ಕಂಪ್ಯೂಟರಿಗೆ ಸುರಿಯಬಲ್ಲದು ಎಂಬುದನ್ನು 2012ರಲ್ಲಿ ಹವ್ಯಾಸಿಗಳು ಬಯಲಿಗೆ ತಂದರು. ಮುಂದೆ ಸೋಸುವುದು, ಬಿಡಿಸುವುದು ಎಲ್ಲ ಪ್ರೋಗ್ರಾಮಿನ ಕೆಲಸ. ಅದಕ್ಕೇ ಇದು ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ.

ನನ್ನ ಸೆನ್ಸರ್ ಮಾತಾಡುವುದು 433.92 ಮೆಗಾಹರ್ಟ್ಸ್‌ನಲ್ಲಿ. ಆರ್‌ಟಿಎಲ್ 433 ಎಂಬ ಉಚಿತ ಪ್ರೋಗ್ರಾಂ ಓಡಿಸಿ ಕಾದೆ. ಸಾಲು ಮೂಡಿತು: ನೆಕ್ಸಸ್ ಮಾದರಿ, ಚಾನೆಲ್ 1, ಬ್ಯಾಟರಿ ಸರಿ, ಉಷ್ಣಾಂಶ 27.4, ತೇವಾಂಶ 61.

ಇದೆಲ್ಲ ಅಡಗಿರುವುದು ಬರೀ 36 ಬಿಟ್‌ಗಳಲ್ಲಿ. ಸೆನ್ಸರ್ ಸುಮಾರು 500 ಮೈಕ್ರೊಸೆಕೆಂಡ್ ಮಿಡಿದು ಸುಮ್ಮನಾಗುತ್ತದೆ. ಆ ಬಿಡುವು 1000 ಮೈಕ್ರೊಸೆಕೆಂಡ್ ಇದ್ದರೆ 0, 2000 ಇದ್ದರೆ 1. ಮೊದಲ 8 ಬಿಟ್ ಸೆನ್ಸರಿನ ಗುರುತಿನ ಸಂಖ್ಯೆ. ಆಮೇಲೆ ಬ್ಯಾಟರಿ, ಚಾನೆಲ್. ಉಷ್ಣಾಂಶಕ್ಕೆ 12 ಬಿಟ್: 000100010010 ಎಂದರೆ 274, ಹತ್ತರಿಂದ ಭಾಗಿಸಿದರೆ 27.4. ಕೊನೆಯ 8 ಬಿಟ್ 00111101, ಅಂದರೆ ತೇವಾಂಶ 61. ಇದನ್ನೇ 12 ಸಲ ಒದರುತ್ತದೆ. ಪಾಪ, ಅದಕ್ಕೆ ಬಾಯಿ ಮಾತ್ರ ಇದೆ. ಸುದ್ದಿ ತಲುಪಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಒಂದು ಕಿರಿಕಿರಿಯೂ ಉಂಟು: ಸೆಲ್ ಬದಲಿಸಿದರೆ ಗುರುತಿನ ಸಂಖ್ಯೆಯೂ ಬದಲಾಗುತ್ತದೆ, ಗ್ರಾಫ್ ಬರೆಯುವ ಪ್ರೋಗ್ರಾಮಿಗೆ ಮತ್ತೆ ಪರಿಚಯ ಮಾಡಿಸಬೇಕು.

ಈ ಮಾತಿಗೆ ಬೀಗವಿಲ್ಲ. ಅಕ್ಕಪಕ್ಕದ ಮನೆಗಳ ಸೆನ್ಸರ್‌ಗಳೂ ನನ್ನ ಪರದೆಯಲ್ಲಿ ಮೂಡುತ್ತವೆ. ಯಾರದೋ ಹಿತ್ತಲಿನ ಉಷ್ಣಾಂಶ ನನಗೆ ತಿಳಿದರೆ ಯಾರಿಗೂ ನಷ್ಟವಿಲ್ಲ. ಆದರೆ ಯುರೋಪಿನಲ್ಲಿ ಕಾರಿನ ಟೈರೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್‌ಗಳೂ ಸಾಮಾನ್ಯವಾಗಿ ಇದೇ 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಪ್ರತಿ ಸಲವೂ ತಮ್ಮ ಸಂಖ್ಯೆ ಹೇಳಿಕೊಂಡು. ಯಾವ ಕಾರು ಎಷ್ಟು ಹೊತ್ತಿಗೆ ಹೊರಟಿತು ಎಂದು ಲೆಕ್ಕ ಇಡಬೇಕೆನ್ನುವವರಿಗೆ ಅಷ್ಟು ಸಾಕು. ತಯಾರಕರ ಈ ಉದಾಸೀನ ನನಗೆ ಹಿಡಿಸದು. ನನ್ನ ಸೆನ್ಸರಿನ ಸಾಲು ಬಿಟ್ಟು ಬೇರೆ ಯಾವುದೂ ಕಡತ ಸೇರದಂತೆ ಮಾಡಿದ್ದೇನೆ.

ನಿಮ್ಮಲ್ಲೂ ಇಂಥ ಅನಾಥ ಸೆನ್ಸರ್ ಇದ್ದರೆ ಹಿಂಬದಿಯಲ್ಲಿ 433 ಎಂದು ಬರೆದಿದೆಯೇ ನೋಡಿ. ದುಬಾರಿ ಆಂಟೆನಾ ಬೇಡ. ಈ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ 17 ಸೆಂಟಿಮೀಟರ್ ಕಡ್ಡಿಯನ್ನು ಕಿಟಕಿಯ ಬಳಿ ನೆಟ್ಟಗೆ ನಿಲ್ಲಿಸಿದರೆ ಆಯಿತು. ಕಸದ ಬುಟ್ಟಿಗೆ ಹಾಕುವ ಮುಂಚೆ ಇಷ್ಟು ಮಾಡಿ ನೋಡಿ.