ಜಿಮ್ ಹೆಸರಿನ ಅಂಗಿ: ಮೊದಲು ಮೈಗೆ ಹಿತ, ಆಮೇಲೆ ಮುದ್ರೆ

ಪದವಿ ಮುಗಿಸಿದ ಮಗ ಒಂದು ದಿನ ಊಟಕ್ಕೆ ಕುಳಿತಾಗ, "ಜಿಮ್‌ನವರಿಗೆ ಟೀ ಶರ್ಟ್ ಮಾಡಿಸಿ ಮಾರುತ್ತೇನೆ, ಇಪ್ಪತ್ತೈದು ಸಾವಿರ ಬೇಕು" ಎಂದರೆ ತಂದೆತಾಯಿಗೆ ಗಾಬರಿಯಾಗುವುದು ಸಹಜ. ಓದಿಗೆ ತಕ್ಕ ಕೆಲಸವೇ ಇದು? ಮಾಡಿಸಿದ ಮಾಲು ಮನೆಯಲ್ಲೇ ಉಳಿದರೆ ಗತಿಯೇನು? ಈ ಪ್ರಶ್ನೆಗಳು ನ್ಯಾಯವಾದವೇ. ಹಾಗೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂಥ ಕಸುಬೂ ಇದಲ್ಲ. ಬಟ್ಟೆಯ ಗುಣ, ಮುದ್ರಣದ ವಿಧಾನ ಮತ್ತು ಲೆಕ್ಕ, ಈ ಮೂರನ್ನು ಬಲ್ಲವರಿಗೆ ಇದರಲ್ಲಿ ಅನ್ನವಿದೆ, ಅರಿಯದವರಿಗೆ ಸಾಲವಿದೆ.

ಬೆಂಗಳೂರು–ಚೆನ್ನೈ ರೈಲು ಮಾರ್ಗದಲ್ಲಿ, ಮಾಲೂರು ಮತ್ತು ಬಂಗಾರಪೇಟೆಯ ನಡುವೆ ಇರುವ ಟೇಕಲ್ ಹೋಬಳಿಯನ್ನೇ ತೆಗೆದುಕೊಳ್ಳಿ. ಸುತ್ತಲೂ ಗುಡ್ಡ, ಬಂಡೆ. ಕಲ್ಲು ಒಡೆದು, ಚಪ್ಪಡಿ ಸೀಳಿ ಬದುಕಿದವರ ಸೀಮೆ ಇದು. ಇಲ್ಲಿಯ ಹಿರಿಯರಿಗೆ ದುಡ್ಡು ಕೊಟ್ಟು ಭಾರ ಎತ್ತುವುದೇ ತಮಾಷೆಯಾಗಿ ಕಂಡೀತು. ಆದರೆ ಕಾಲ ಬದಲಾಗಿದೆ. ಪೊಲೀಸ್ ಮತ್ತು ಸೈನ್ಯದ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರು, ದಿನವೆಲ್ಲ ಕುಳಿತೇ ದುಡಿಯುವವರು, ಸಕ್ಕರೆ ಕಾಯಿಲೆಗೆ ಹೆದರಿದ ನಡುವಯಸ್ಸಿನವರು, ಎಲ್ಲರಿಗೂ ಈಗ ವ್ಯಾಯಾಮ ಬೇಕಾಗಿದೆ. ಜಿಮ್ ಎಂಬುದು ಮಹಾನಗರದ ಸೊತ್ತಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಅಲ್ಲಿಗೆ ಹೋಗುವವರಿಗೆ ಉಡುಪು ಬೇಕು. ಆ ಉಡುಪಿನ ಮೇಲೆ ತಮ್ಮ ಹೆಸರಿರಬೇಕೆಂದು ಜಿಮ್ ನಡೆಸುವವರಿಗೆ ಆಸೆ.

ನಮ್ಮ ಗರಡಿಮನೆಗಳಿಗೆ ಈ ಚಿಂತೆಯೇ ಇರಲಿಲ್ಲ. ಲಂಗೋಟಿ ಅಥವಾ ಚಡ್ಡಿ, ಮೈಗೆ ಮೆತ್ತಿದ ಕೆಂಪು ಮಟ್ಟಿ, ಇಷ್ಟೇ ಪೈಲ್ವಾನನ ಗುರುತು. ಅಂಗಿಯ ಮೇಲೆ ಜಿಮ್‌ನ ಹೆಸರು ಹಾಕುವ ಪದ್ಧತಿ ಹೆಸರಾದದ್ದು ಅಮೆರಿಕದಿಂದ. ಜೋ ಗೋಲ್ಡ್ ಎಂಬವರು 1965ರಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ 'ಗೋಲ್ಡ್ಸ್ ಜಿಮ್' ತೆರೆದರು. ಅಲ್ಲಿ ಅಭ್ಯಾಸ ಮಾಡುತ್ತಿದ್ದ ಕುಸ್ತಿಪಟು ರಿಕ್ ಡ್ರೇಸಿನ್ ಎಪ್ಪತ್ತರ ದಶಕದಲ್ಲಿ ಬಾರ್‌ಬೆಲ್ ಹಿಡಿದ ಬೋಳುತಲೆಯ ಪೈಲ್ವಾನನ ಚಿತ್ರ ಬರೆದುಕೊಟ್ಟರು. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅವರಂಥವರು ಬೆವರು ಹರಿಸಿದ ಆ ಜಿಮ್ 1977ರ 'ಪಂಪಿಂಗ್ ಐರನ್' ಚಿತ್ರದಿಂದ ಜಗತ್ತಿಗೆ ಪರಿಚಯವಾಯಿತು. ಮುಂದೆ ಆ ಜಿಮ್‌ನ ಮೆಟ್ಟಿಲನ್ನೇ ಹತ್ತದವರೂ ಆ ಟೀ ಶರ್ಟನ್ನು ಕೊಂಡು ತೊಟ್ಟರು.

ಇಂಗ್ಲೆಂಡಿನ ಬೆನ್ ಫ್ರಾನ್ಸಿಸ್‌ರ ಕಥೆ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಕಾಲೇಜಿಗೆ ಹೋಗುತ್ತ, ಸಂಜೆ ಪಿಜ್ಜಾ ಹಂಚುತ್ತ 2012ರಲ್ಲಿ 'ಜಿಮ್‌ಶಾರ್ಕ್' ಆರಂಭಿಸಿದ ಈ ಯುವಕ, ಒಂದು ಹೊಲಿಗೆ ಯಂತ್ರ ಮತ್ತು ಒಂದು ಸ್ಕ್ರೀನ್ ಪ್ರಿಂಟಿಂಗ್ ಯಂತ್ರ ಇಟ್ಟುಕೊಂಡು ತಂದೆತಾಯಿಯ ಮನೆಯ ಗ್ಯಾರೇಜಿನಲ್ಲೇ ಬಟ್ಟೆ ತಯಾರಿಸಿದ. ಹೊಲಿಗೆ ಕಲಿಸಿದ್ದು ಅಜ್ಜಿ. 2020ರಲ್ಲಿ ಆ ಕಂಪೆನಿಯ ಬೆಲೆ ನೂರು ಕೋಟಿ ಪೌಂಡ್ ದಾಟಿತು. ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕೆ? 2007ರಲ್ಲಿ ಮುಕೇಶ್ ಬನ್ಸಲ್ ಮತ್ತು ಗೆಳೆಯರು ಕಟ್ಟಿದ 'ಮಿಂತ್ರಾ' ಮೊದಲು ಮಾಡುತ್ತಿದ್ದದ್ದು ಗಿರಾಕಿ ಕೇಳಿದ ಹೆಸರು, ಚಿತ್ರಗಳನ್ನು ಟೀ ಶರ್ಟ್, ಮಗ್ಗುಗಳ ಮೇಲೆ ಮುದ್ರಿಸಿಕೊಡುವ ಕೆಲಸ. ಅದೇ ಬನ್ಸಲ್ 2016ರಲ್ಲಿ ಇನ್ನೊಬ್ಬರ ಜೊತೆಗೂಡಿ ಆರಂಭಿಸಿದ ಸಂಸ್ಥೆ 'ಕಲ್ಟ್' ಜಿಮ್‌ಗಳನ್ನು ನಡೆಸುತ್ತ ವ್ಯಾಯಾಮದ ಉಡುಪುಗಳ ಮಾರಾಟಕ್ಕೂ ಇಳಿಯಿತು. ಎಲ್ಲರೂ ಇಷ್ಟು ಎತ್ತರಕ್ಕೆ ಏರುವುದಿಲ್ಲ, ನಿಜ. ಆದರೆ ಎಲ್ಲರ ಆರಂಭವೂ ಸಣ್ಣದೇ ಎಂಬುದನ್ನು ಗಮನಿಸಿ.

ಯಾವ ಬಟ್ಟೆ?

ಜಿಮ್ ಸೇರಿದಾಗ ಪುಕ್ಕಟೆ ಸಿಕ್ಕ ಟೀ ಶರ್ಟುಗಳು ಅನೇಕ ಮನೆಗಳಲ್ಲಿ ಎರಡೇ ತಿಂಗಳಿಗೆ ಗಾಡಿ ಒರೆಸುವ ಬಟ್ಟೆಯಾಗುತ್ತವೆ. ಕಾರಣ ಸರಳ. ಕೊಟ್ಟವರು ಹೆಸರಿನ ಗಾತ್ರವನ್ನು ಯೋಚಿಸಿದರು, ತೊಡುವವರ ಮೈಯನ್ನು ಯೋಚಿಸಲಿಲ್ಲ. ಎದೆಯಗಲಕ್ಕೆ ಹೆಸರು, ಬೆನ್ನ ತುಂಬ ಫೋನ್ ನಂಬರು ಹಾಕಿದರೆ ಸದಸ್ಯ ನಡೆದಾಡುವ ಬೋರ್ಡಾಗುತ್ತಾನೆ. ಹಣ ಕೊಟ್ಟು ಬೋರ್ಡಾಗಲು ಯಾರಿಗೆ ಇಷ್ಟ?

ಆದ್ದರಿಂದ ಮೊದಲ ಪಾಠ ಬಟ್ಟೆಯದು. ಹತ್ತಿ ಬಟ್ಟೆ ಮೈಗೆ ಹಿತ, ಆದರೆ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಒದ್ದೆಯಾಗಿ ಭಾರವಾಗುತ್ತದೆ. ವ್ಯಾಯಾಮಕ್ಕೆಂದೇ ನೇಯ್ದ ಪಾಲಿಯೆಸ್ಟರ್ ಬೆವರನ್ನು ಹೊರಮೈಗೆ ತಂದು ಬೇಗ ಒಣಗುತ್ತದೆ, ಆದರೆ ವಾಸನೆಯನ್ನು ಬೇಗ ಬಿಡುವುದಿಲ್ಲ. ಭಾರ ಎತ್ತುವವರಲ್ಲಿ ಹಲವರಿಗೆ ಹತ್ತಿಯೇ ಪ್ರೀತಿ. ಓಡುವವರಿಗೆ ಪಾಲಿಯೆಸ್ಟರ್ ಅನುಕೂಲ. ಬಟ್ಟೆಯ ದಪ್ಪವನ್ನು 'ಜಿ.ಎಸ್.ಎಂ.' ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಅರ್ಥ. ಹತ್ತಿಯ ಟೀ ಶರ್ಟಿಗೆ 160ರಿಂದ 180 ಸಾಮಾನ್ಯ. ವ್ಯಾಪಾರಿಯ ಬಾಯಿಮಾತನ್ನೇ ನಂಬದೆ ಒಂದು ಮಾದರಿ ತಂದು, ಅಳತೆ ತೆಗೆದು, ಮನೆಯಲ್ಲಿ ಐದಾರು ಸಲ ಒಗೆದು, ಮತ್ತೆ ಅಳೆದು ನೋಡಬೇಕು. ಕುಗ್ಗಿತೇ? ಬಣ್ಣ ಬಿಟ್ಟಿತೇ? ಹೊಲಿಗೆ ಓರೆಯಾಯಿತೇ? ಈ ಪರೀಕ್ಷೆಗೆ ಸಾಬೂನಿನ ಖರ್ಚು ಬಿಟ್ಟರೆ ಬೇರೇನೂ ಇಲ್ಲ.

ಟೇಕಲ್‌ನ ಕಡೆಯವರಿಗೆ ಒಂದು ಅನುಕೂಲವಿದೆ. ರೈಲು ಹತ್ತಿದರೆ ಬೆಂಗಳೂರು. ಅಲ್ಲಿಂದ ಚಿಕ್ಕಪೇಟೆಯ ಸಗಟು ಅಂಗಡಿಗಳು ದೂರವಿಲ್ಲ. ಹೆಣೆದ ಬಟ್ಟೆಗೆ ದೇಶದಲ್ಲೇ ಹೆಸರಾದ ತಿರುಪ್ಪೂರು ಬಂಗಾರಪೇಟೆ, ಜೋಲಾರ್‌ಪೇಟೆ, ಸೇಲಂ ಹಾದಿಯಲ್ಲೇ ಇದೆ.

ಅಳತೆಯ ವಿಷಯದಲ್ಲೂ ಎಚ್ಚರ ಬೇಕು. ಒಂದು ಕಂಪೆನಿಯ 'ಎಲ್' ಇನ್ನೊಂದರ 'ಎಂ' ಆಗಿರಬಹುದು. ಅಂಗಿಯನ್ನು ನೆಲಕ್ಕೆ ಹಾಸಿ ಎದೆ, ಭುಜ, ಉದ್ದಗಳನ್ನು ಇಂಚಿನಲ್ಲಿ ಬರೆದಿಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಗಂಡಸರ ಅಂಗಿಯನ್ನೇ ಸಣ್ಣದು ಮಾಡಿ ಕೊಟ್ಟರೆ ಅವರು ತೊಡುವುದಿಲ್ಲ. ತೋಳು ಎಷ್ಟಿರಬೇಕು, ಉದ್ದ ಎಷ್ಟಿರಬೇಕು, ಬಟ್ಟೆ ಒದ್ದೆಯಾದಾಗ ಪಾರದರ್ಶಕವಾಗುತ್ತದೆಯೇ ಎಂದು ಅವರನ್ನೇ ಕೇಳಿ ಹೊಲಿಸಬೇಕು. ಸಂಕೋಚವಿಲ್ಲದೆ ತೊಡುವ ಉಡುಪು ಸಿಕ್ಕರೆ ವ್ಯಾಯಾಮಕ್ಕೆ ಬರುವ ಹೆಣ್ಣುಮಕ್ಕಳ ಸಂಖ್ಯೆಯೂ ಹೆಚ್ಚಬಹುದು.

ಮುದ್ರಣದ ಮರ್ಮ

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು. ಆದ್ದರಿಂದ ಬಣ್ಣ ಕಡಿಮೆಯಾದಷ್ಟೂ, ಸಂಖ್ಯೆ ಹೆಚ್ಚಿದಷ್ಟೂ ಒಂದು ಅಂಗಿಯ ಖರ್ಚು ಇಳಿಯುತ್ತದೆ. ಪ್ಲಾಸ್ಟಿಸಾಲ್ ಎಂಬ ಶಾಯಿಯಾದರೆ ಸುಮಾರು 160 ಡಿಗ್ರಿ ಶಾಖದಲ್ಲಿ ಬೇಯಬೇಕು. ಅರೆಬೆಂದರೆ ನಾಲ್ಕು ಒಗೆತಕ್ಕೆ ಬಿರುಕು ಬಿಡುತ್ತದೆ. ಸಬ್ಲಿಮೇಶನ್ ವಿಧಾನದಲ್ಲಿ ಬಣ್ಣ ಎಳೆಯೊಳಗೇ ಇಳಿಯುವುದರಿಂದ ಗಾಳಿಯಾಡುವುದಕ್ಕೆ ತಡೆಯಿಲ್ಲ, ಆದರೆ ಅದು ತಿಳಿಬಣ್ಣದ ಪಾಲಿಯೆಸ್ಟರಿಗೆ ಮಾತ್ರ ಸರಿ. ಕಸೂತಿ ಟೋಪಿಗೆ, ಚೀಲಕ್ಕೆ ಚೆಂದ; ತೆಳು ಅಂಗಿಯನ್ನು ಸುಕ್ಕುಗಟ್ಟಿಸುತ್ತದೆ. ಟವೆಲಿನ ನೂಲಿನ ಕುಣಿಕೆಗಳ ಮೇಲೆ ಮುದ್ರಣ ನಿಲ್ಲುವುದು ಕಷ್ಟ; ಅಂಚಿನ ಪಟ್ಟಿಯಲ್ಲಿ ಕಸೂತಿ ಹಾಕಿಸುವುದು ಮೇಲು.

ಕನ್ನಡದಲ್ಲಿ ಬರೆಸುವವರಿಗೆ ಇನ್ನೊಂದು ಮಾತು. ಒತ್ತಕ್ಷರಗಳ ಸಣ್ಣ ಸುಳಿಗಳಲ್ಲಿ ಶಾಯಿ ತುಂಬಿಕೊಳ್ಳುತ್ತದೆ. 'ವ್ಯಾಯಾಮ' ಎಂಬಲ್ಲಿ ಯಕಾರದ ಒತ್ತು ಮುಚ್ಚಿಹೋಗಬಾರದೆಂದರೆ ಅಕ್ಷರ ದೊಡ್ಡದಿರಬೇಕು. 'ಟೇಕಲ್' ಎಂಬ ಹೆಸರಿಗೆ ಒತ್ತಿನ ತಾಪತ್ರಯವೇ ಇಲ್ಲ! ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ್ದು ಪ್ರಿಂಟರ್‌ನವರ ಕಂಪ್ಯೂಟರಿನಲ್ಲಿ ಅಕ್ಷರಗಳ ಕಲಸುಮೇಲೋಗರವಾಗುವುದುಂಟು. ಅಕ್ಷರಗಳನ್ನು ಚಿತ್ರರೂಪಕ್ಕೆ ಬದಲಿಸಿ ಕೊಡಿ. ಮುದ್ರಿಸುವ ಮೊದಲು ಒಂದು ಪ್ರತಿ ತೆಗೆಸಿ ಕಣ್ಣಾರೆ ಓದಿ.

ಏನನ್ನು ಮುದ್ರಿಸಬೇಕು? ಆಂಜನೇಯನ ಚಿತ್ರ ಅನೇಕರ ಮೊದಲ ಆಯ್ಕೆ. ಆದರೆ ಬೆವರಿನ ಬಟ್ಟೆಯ ಮೇಲೆ, ಒಗೆಯುವ ಕಲ್ಲಿನ ಮೇಲೆ ದೇವರನ್ನು ತರಲು ಹಿಂಜರಿಯುವ ಭಕ್ತರಿದ್ದಾರೆ. ಬೇರೆ ಧರ್ಮದ ಸದಸ್ಯರೂ ಇರುತ್ತಾರೆ. ದೊಡ್ಡ ಕಂಪೆನಿಗಳ ಗುರುತನ್ನು ನಕಲು ಮಾಡುವುದು ಅಪರಾಧ. ಅದರ ಬದಲು ಊರಿನದೇ ಒಂದು ಗುರುತು ಹುಡುಕಬಹುದು. ಟೇಕಲ್‌ನ ಒಂದು ಕಲ್ಲುಗುಂಡು, ಅದರಡಿ ಊರಿನ ಹೆಸರು, ಒಂದೇ ಬಣ್ಣ, ಎಡ ಎದೆಯ ಮೇಲೆ ಅಂಗೈಗಿಂತ ಚಿಕ್ಕದಾಗಿ. ಇಂಥದ್ದನ್ನು ಜಿಮ್‌ಗೆ ಮಾತ್ರವಲ್ಲ, ಸಂತೆಗೂ ತೊಟ್ಟು ಹೋಗಬಹುದು. ಗುರುತು ಚೆನ್ನಾಗಿ ನೆಲೆಯೂರಿದ ಮೇಲೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ನೋಂದಾಯಿಸಬಹುದು. ಉಡುಪು ಮತ್ತು ಟೋಪಿ 25ನೇ ವರ್ಗಕ್ಕೆ, ಚೀಲಗಳು 18ನೇ ವರ್ಗಕ್ಕೆ ಸೇರುತ್ತವೆ.

ತಂದೆತಾಯಿ ನೋಡಬೇಕಾದ ಲೆಕ್ಕ

ಉದಾಹರಣೆಗೆ ಒಂದು ಅಂಗಿಗೆ ಬಟ್ಟೆ, ಹೊಲಿಗೆ, ಮುದ್ರಣ, ಸಾಗಣೆ ಸೇರಿ 240 ರೂಪಾಯಿ ಬೀಳುತ್ತದೆ, ಮಾರುವ ಬೆಲೆ 350 ಎಂದಿಟ್ಟುಕೊಳ್ಳೋಣ. ಅಂಗಿಗೆ 110 ರೂಪಾಯಿ ಲಾಭ ಎಂದು ಮಗ ಹಿಗ್ಗುತ್ತಾನೆ. ನೂರು ಅಂಗಿ ಮಾಡಿಸಿದರೆ ಖರ್ಚು 24,000. ಅರವತ್ತು ಮಾರಾಟವಾದರೆ ಬಂದದ್ದು 21,000. ಅಂದರೆ ಮೂರು ಸಾವಿರ ನಷ್ಟ, ಜೊತೆಗೆ ಮಂಚದ ಕೆಳಗೆ ನಲವತ್ತು ಅಂಗಿ! ಹಾಕಿದ ಹಣ ಮರಳಬೇಕಾದರೆ 69 ಅಂಗಿ ಮಾರಲೇಬೇಕು. ಉಳಿಯುವುದು ಹೆಚ್ಚಾಗಿ ಯಾರಿಗೂ ಆಗದ ಅಳತೆಗಳೇ.

ಇದನ್ನೇ ಇನ್ನೊಂದು ರೀತಿ ಮಾಡಿ. ಮಾದರಿ ಅಂಗಿಯನ್ನು ಜಿಮ್‌ನಲ್ಲಿ ಇಟ್ಟು, ಸದಸ್ಯರಿಗೆ ತೊಡಿಸಿ ನೋಡಿ, ಅಳತೆ ಬರೆದುಕೊಂಡು, ಅರ್ಧ ಹಣ ಮುಂಗಡ ಪಡೆದು, ಅರವತ್ತೇ ಮಾಡಿಸಿ. ಸಂಖ್ಯೆ ಕಡಿಮೆಯಾದ್ದರಿಂದ ಒಂದಕ್ಕೆ 260 ಬಿದ್ದರೂ ಒಟ್ಟು ಖರ್ಚು 15,600. ಬಂದದ್ದು 21,000. ಲಾಭ 5,400 ರೂಪಾಯಿ. ಮುಂಗಡವೇ 10,500 ಇರುವುದರಿಂದ ಮನೆಯಿಂದ ಹಾಕಬೇಕಾದದ್ದು 5,100 ಮಾತ್ರ. ಇಪ್ಪತ್ತೈದು ಸಾವಿರದ ಮಾತೇ ಬೇಡ. ಮುಂಗಡ ಕೊಡಲು ಯಾರೂ ಮುಂದೆ ಬಾರದಿದ್ದರೆ ಅದೂ ಒಂದು ಉತ್ತರವೇ: ಅಂಗಿ ಅವರಿಗೆ ಮೆಚ್ಚುಗೆಯಾಗಿಲ್ಲ, ಮಾದರಿ ಬದಲಿಸಬೇಕು.

ಕಸುಬನ್ನು ಕ್ರಮವಾಗಿ ಕಲಿಯುವವರಿಗೂ ದಾರಿಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ 'ರುಡ್‌ಸೆಟ್' ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿಯೊಂದಿಗೆ ಉಚಿತ ತರಬೇತಿ ಕೊಡುತ್ತವೆ. ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಆದರೆ ಮೊದಲ ಅರವತ್ತು ಅಂಗಿ ಮಾರಾಟವಾಗುವ ತನಕ ಸಾಲದ ಅರ್ಜಿಯೂ ಬೇಡ, ತಾಯಿಯ ಬಳೆಯೂ ಅಡವು ಬೇಡ.

ಮಗನೋ ಮಗಳೋ ಈ ಆಸೆಯನ್ನು ಮನೆಯಲ್ಲಿ ಹೇಳಿದಾಗ ಬೈಯುವ ಬದಲು ಒಂದು ನೋಟ್ ಪುಸ್ತಕ ಕೊಡಿ. ಒಗೆದು ನೋಡಿದ ಮಾದರಿಯ ಅಳತೆ, ಮುಂಗಡ ಕೊಟ್ಟವರ ಹೆಸರು, ಖರ್ಚಿನ ವಿವರ, ಈ ಮೂರನ್ನೂ ಬರೆದು ತರಲು ಹೇಳಿ. ಬರೆದು ತಂದರೆ ಆ ಐದು ಸಾವಿರ ಕೊಡಲು ಹಿಂಜರಿಯಬೇಕಾಗಿಲ್ಲ.