ಹಬ್ಬಕ್ಕೆ ಎಷ್ಟು ಮಾರು ಹೂವು ತರಿಸಬೇಕು? ಅದಕ್ಕೂ ಒಂದು ಲೆಕ್ಕ ಇದೆ

ಆಯುಧಪೂಜೆ ಮುಗಿದ ಮಾರನೇ ದಿನ ಬಸ್ ಸ್ಟ್ಯಾಂಡ್ ಸುತ್ತಮುತ್ತ ನೋಡಿದರೆ ಸಾಕು, ಮಾರಾಟವಾಗದ ಸೇವಂತಿಗೆ ರಸ್ತೆ ಬದಿ ರಾಶಿ ಬಿದ್ದಿರುತ್ತೆ. ಮತ್ತೊಂದು ವರ್ಷ ಮಧ್ಯಾಹ್ನಕ್ಕೇ ಹೂವು ಖಾಲಿ, ಗಿರಾಕಿ ಬರಿಗೈಲಿ ವಾಪಸ್. ಎರಡರಲ್ಲೂ ಪೆಟ್ಟು ವ್ಯಾಪಾರಿಗೇ.

ನಾಳೆ ಎಷ್ಟು ಜನ ಬರ್ತಾರೋ ಗೊತ್ತಿಲ್ಲ, ಸರಕು ಮಾತ್ರ ಇವತ್ತೇ ತರಿಸಬೇಕು. ಗಣಿತದಲ್ಲಿ ಇದಕ್ಕೆ 'ನ್ಯೂಸ್‌ವೆಂಡರ್ ಪ್ರಾಬ್ಲಂ', ಅಂದರೆ ಪೇಪರ್ ಮಾರುವವನ ಸಮಸ್ಯೆ ಅಂತ ಹೆಸರು. ಇವತ್ತಿನ ಪೇಪರ್ ನಾಳೆಗೆ ರದ್ದಿ ತಾನೆ? ಬ್ಯಾಂಕ್‌ಗಳು ಕೈಯಲ್ಲಿ ಎಷ್ಟು ನಗದು ಇಟ್ಟುಕೊಳ್ಳಬೇಕು ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ಎಡ್ಜ್‌ವರ್ತ್ 1888ರಲ್ಲೇ ಇಂಥದ್ದೇ ಲೆಕ್ಕ ಹಾಕಿದ್ದರು.

ಉದಾಹರಣೆಗೆ, ಒಂದು ಮಾರಿಗೆ ಅಸಲು 70 ರೂ., ಮಾರುವ ದರ 100 ರೂ. ಅಂದುಕೊಳ್ಳಿ. ಉಳಿದ ಹೂವಿಗೆ ಬೆಲೆಯೇ ಇಲ್ಲ. ಬೇಡಿಕೆ 100, 150 ಅಥವಾ 200 ಮಾರು, ಮೂರಕ್ಕೂ ಸಮ ಸಾಧ್ಯತೆ. ಹೆಚ್ಚಿನವರು ಸರಾಸರಿ ನೋಡಿ 150 ತರಿಸ್ತಾರೆ. ಮೂರು ಸಂದರ್ಭದ ಲಾಭ-ನಷ್ಟ ಕೂಡಿಸಿ ನೋಡಿ:

100 ಮಾರು ತರಿಸಿದರೆ: 3000 + 3000 + 3000 = 9000 ರೂ.
150 ತರಿಸಿದರೆ: 500 ನಷ್ಟ, ನಂತರ 4500 + 4500. ಒಟ್ಟು 8500 ರೂ.
200 ತರಿಸಿದರೆ: 4000 ನಷ್ಟ, ನಂತರ 1000 + 6000. ಒಟ್ಟು 3000 ರೂ.

ಕಾರಣ ಸರಳ. ಒಂದು ಮಾರು ಹೋದರೆ ಸಿಗುವುದು 30, ಉಳಿದರೆ ಕಳೆದುಕೊಳ್ಳುವುದು 70. ಹಾಗಾಗಿ ಕಡಿಮೆ ತರಿಸುವುದೇ ಮೇಲು. ಕರ್ಪೂರ, ಊದುಬತ್ತಿ ಹಾಗಲ್ಲ. ಉಳಿದರೂ ಮುಂದಿನ ವಾರ ಹೋಗುತ್ತೆ. ಅಂಥವನ್ನು ಧಾರಾಳವಾಗಿ ತರಿಸಬಹುದು.

ಸೂತ್ರ ಇಷ್ಟೇ: ಲಾಭವನ್ನು, ಲಾಭ ಮತ್ತು ನಷ್ಟ ಎರಡರ ಮೊತ್ತದಿಂದ ಭಾಗಿಸಿ. ಹೂವಿಗೆ 30 ಭಾಗಿಸು 100, ಅಂದರೆ 0.3. ಹತ್ತು ಹಬ್ಬದಲ್ಲಿ ಸುಮಾರು ಮೂರು ಸಲ ಮಾತ್ರ ಪೂರ್ತಿ ಬೇಡಿಕೆಗೆ ಸಾಕಾಗುವಷ್ಟು ತರಿಸಿದರೆ ಸರಿ ಎಂದರ್ಥ. ಉಳಿದ ಸಲ ಹೂವು ಬೇಗ ಖಾಲಿಯಾದರೆ ಬೇಜಾರು ಬೇಡ. ಆದರೆ ಕಾಯಂ ಗಿರಾಕಿ ಬೇರೆ ಅಂಗಡಿ ಹಿಡಿದುಬಿಡುವ ಭಯ ಇದ್ದರೆ ಆ ನಷ್ಟವನ್ನೂ ಲಾಭದ ಕಡೆ ಸೇರಿಸಿಕೊಳ್ಳಬೇಕು, ಆಗ ಸ್ವಲ್ಪ ಹೆಚ್ಚು ತರಿಸಬೇಕಾಗುತ್ತೆ.

ಇದಕ್ಕೆಲ್ಲ ಕಂಪ್ಯೂಟರ್ ಬೇಡ, ಒಂದು ನೋಟ್‌ಬುಕ್ ಸಾಕು. ಎಷ್ಟು ಮಾರಾಟವಾಯ್ತು ಅಂತ ಮಾತ್ರ ಬರೆದರೆ ಸಾಲದು. ಎಷ್ಟು ಗಂಟೆಗೆ ಖಾಲಿಯಾಯ್ತು, ಆಮೇಲೆ ಎಷ್ಟು ಜನ ಕೇಳಿಕೊಂಡು ಬಂದರು ಅನ್ನೋದನ್ನೂ ಬರೆದಿಡಿ. ನಿಜವಾದ ಬೇಡಿಕೆ ಗೊತ್ತಾಗೋದು ಅಲ್ಲೇ.