ರಾಜಕುಮಾರಿಯ ಮನೆಗೆ ಈಗ ವಾರಸುದಾರರು ಯಾರು?

125 ಕೋಣೆ, 300 ಕಿಟಕಿ, 287 ಕೆತ್ತನೆಯ ಬಾಗಿಲು. ಇಷ್ಟು ದೊಡ್ಡ ಮನೆಯನ್ನು ದಿನಾ ಗುಡಿಸೋದಕ್ಕೇ ಎಷ್ಟು ಜನ ಬೇಕು ಅಂತ ಒಮ್ಮೆ ಯೋಚಿಸಿ. ಮಳೆಗಾಲ ಬಂತು ಅಂದ್ರೆ ಎಲ್ಲೆಲ್ಲಿ ಸೋರುತ್ತಿದೆ ಅಂತ ನೋಡೋದಕ್ಕೇ ಅರ್ಧ ದಿನ ಬೇಕು!

ಇದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಅರಮನೆ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಮನೆ. ಆಗಿನ ಕಾಲಕ್ಕೇ 7 ಲಕ್ಷ ರೂಪಾಯಿ ಖರ್ಚಾಗಿತ್ತಂತೆ. ಜೋಡಿ ಕಂಬಗಳು, ಬಣ್ಣದ ಗಾಜು, ಮೇಲೆ ಗಜಲಕ್ಷ್ಮಿ, ಒಳಗೆ ಕಲ್ಯಾಣ ಮಂಟಪ. ಒಂದು ಸಂಸಾರಕ್ಕೆ ಅಂತ ಕಟ್ಟಿದ ಈ ಮನೆ ಇವತ್ತು ವಿಶ್ವವಿದ್ಯಾಲಯದ ಸ್ವತ್ತು. ಅಂದ್ರೆ ಲೆಕ್ಕದ ಪ್ರಕಾರ ನಮ್ಮೆಲ್ಲರದ್ದು.

ಹಳೇ ಕಟ್ಟಡ ಉಳಿಸಬೇಕು ಅಂದರೆ ಎಲ್ಲರೂ 'ಹೌದು ಹೌದು' ಅಂತಾರೆ. ಆದರೆ ಉಳಿಸಿ ಅದರಲ್ಲಿ ಏನು ಮಾಡೋದು? ಕ್ಲಾಸ್ ನಡೆಸೋದಾ, ಲೈಬ್ರರಿ ಮಾಡೋದಾ, ಮ್ಯೂಸಿಯಂ ಇಡೋದಾ, ಬೀಗ ಹಾಕಿ ಫೋಟೋ ತೆಗೆಯೋದಾ? ಕಷ್ಟದ ಪ್ರಶ್ನೆ ಅಲ್ಲಿಂದ ಶುರುವಾಗುತ್ತೆ.

ಮನೆ ಮ್ಯೂಸಿಯಂ ಆದ ಕಥೆ

ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದದ್ದು 1956ರಿಂದ 1960ರವರೆಗೆ. ಸ್ನಾತಕೋತ್ತರ ವಿಭಾಗಗಳಿಗೆ ಊರಿನ ಗದ್ದಲದಿಂದ ದೂರ ಒಂದು ದೊಡ್ಡ ಆವರಣ ಬೇಕು ಅನ್ನೋದು ಅವರ ಕನಸು. ಆಗಲೇ ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾಲಯದ ಕೈಗೆ ಬಂತು. 'ಮಾನಸಗಂಗೋತ್ರಿ' ಅನ್ನೋ ಹೆಸರೂ ಅವರದೇ.

1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಅವರಂಥವರು ಹಳ್ಳಿಹಳ್ಳಿ ಸುತ್ತಿದರು. ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡ, ಅಡುಗೆಮನೆಯ ಪಾತ್ರೆ, ಕೃಷಿ ಸಲಕರಣೆ... ಹೀಗೆ ಸಂಗ್ರಹ 6,500 ವಸ್ತುಗಳನ್ನು ದಾಟಿತು. ರಾಜಕುಮಾರಿಯ ಮನೆಯ ಕೋಣೆಗಳಲ್ಲಿ ರೈತನ ನೇಗಿಲು, ಅಜ್ಜಿಯ ಒನಕೆ! ಇದಕ್ಕಿಂತ ಚೆಂದದ ಮರುಬಳಕೆ ಬೇಕಾ?

ಆಯ್ಕೆ ಚೆಂದ ಅಷ್ಟೇ ಅಲ್ಲ, ಕಟ್ಟಡಕ್ಕೆ ಒಗ್ಗುವಂಥದ್ದೂ ಹೌದು. ಸಣ್ಣ ಸಣ್ಣ ಕೋಣೆಗಳು, ಒಂದರಿಂದ ಒಂದಕ್ಕೆ ಬಾಗಿಲು. ಮ್ಯೂಸಿಯಂಗೆ ಅದೇ ಬೇಕು. ಗೋಡೆ ಒಡೆಯಬೇಕಿಲ್ಲ, ಹೊಸ ಮಹಡಿ ಹಾಕಬೇಕಿಲ್ಲ. ಅದೇ ಮನೆಯಲ್ಲಿ 100 ಮಕ್ಕಳ ಕ್ಲಾಸ್‌ರೂಮ್ ಮಾಡ್ತೀವಿ ಅಂದಿದ್ದರೆ ಮೊದಲು ಹೋಗುತ್ತಿದ್ದದ್ದು ಗೋಡೆ.

ದುಡ್ಡು ಬಂತು, ರಿಪೇರಿಯೂ ಆಯ್ತು. ಆಮೇಲೆ?

ಮೂರು ದಶಕ ಕಳೆಯುವಷ್ಟರಲ್ಲಿ ಮನೆ ಸೋರತೊಡಗಿತ್ತು. ಇನ್ಫೋಸಿಸ್ ಫೌಂಡೇಶನ್ 1.17 ಕೋಟಿ ರೂಪಾಯಿ ನೀಡಿತು. 2002ರಿಂದ 2006ರವರೆಗೆ ಜೀರ್ಣೋದ್ಧಾರ ನಡೆದು ಮ್ಯೂಸಿಯಂ ಮತ್ತೆ ಬಾಗಿಲು ತೆರೆಯಿತು. ಎಲ್ಲರಿಗೂ ಖುಷಿ.

ಆದರೆ ಹಳೇ ಮನೆ ಅಂದ್ರೆ ವಯಸ್ಸಾದ ಅಪ್ಪ-ಅಮ್ಮನ ಹಾಗೆ. ಒಂದು ದೊಡ್ಡ ಆಪರೇಷನ್ ಮಾಡಿಸಿದರೆ ಮುಗಿಯೋದಿಲ್ಲ. ತಿಂಗಳು ತಿಂಗಳು ಚೆಕಪ್ ಬೇಕು, ದಿನಾ ಮಾತ್ರೆ ಬೇಕು. ಕೆಲವೇ ವರ್ಷಗಳಲ್ಲಿ ಮತ್ತೆ ಸೋರಿಕೆ, ಮತ್ತೆ ಬಿರುಕು, ಮತ್ತೆ ಬೀಗ. ಈಚೆಗೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ, ಅರಮನೆಯ ಪಶ್ಚಿಮ ಭಾಗದ ಸಂರಕ್ಷಣೆ ಕೈಗೆತ್ತಿಕೊಳ್ಳಲಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಜೀರ್ಣೋದ್ಧಾರಕ್ಕೆ ದಾನಿಗಳು ಸಿಗ್ತಾರೆ. ಫಲಕ ಹಾಕಬಹುದು, ಟೇಪ್ ಕತ್ತರಿಸಬಹುದು. ಆದರೆ ಪ್ರತಿ ಮೇ ತಿಂಗಳಲ್ಲಿ ಮಾಳಿಗೆ ಹತ್ತಿ, ನೀರು ಹೋಗುವ ದೋಣಿಯಲ್ಲಿ ಸೇರಿದ ಎಲೆ ತೆಗೆಯೋ ಕೆಲಸಕ್ಕೆ ಯಾವ ದಾನಿಯೂ ಫಲಕ ಕೇಳೋದಿಲ್ಲ. ಹಳೇ ಕಟ್ಟಡ ಬೀಳೋದು ಬಹುಪಾಲು ಆ ಎಲೆಯಿಂದಲೇ! ಎಲೆ ಕಟ್ಟಿಕೊಂಡರೆ ನೀರು ನಿಲ್ಲುತ್ತೆ, ನಿಂತ ನೀರು ಗೋಡೆಗೆ ಇಳಿಯುತ್ತೆ, ತೊಲೆಯ ತುದಿ ಕೊಳೆಯುತ್ತೆ. ಹಕ್ಕಿ ಉದುರಿಸಿದ ಅರಳಿ ಬೀಜಕ್ಕೆ ಅಷ್ಟು ತೇವ ಸಾಕು. ಬೇರು ಉಳಿದ ಕೆಲಸ ಮಾಡಿ ಮುಗಿಸುತ್ತೆ.

ಸಿಮೆಂಟ್ ಬಳಿದರೆ ಏನಾಗುತ್ತೆ ಗೊತ್ತಾ?

'ಗೋಡೆ ಉದುರುತ್ತಿದೆ, ಸಿಮೆಂಟ್ ಹಾಕಿಸಿಬಿಡಿ.' ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಇದು. ಹಳೇ ಕಟ್ಟಡಕ್ಕೆ ಇದೇ ವಿಷ.

ಆ ಕಾಲದ ಇಟ್ಟಿಗೆ ಮೆತ್ತಗೆ, ಮಧ್ಯದ ಗಾರೆ ಸುಣ್ಣದ್ದು. ನೆಲದಿಂದ ಏರಿದ ತೇವ ಸುಣ್ಣದ ಗಿಲಾವಿನ ಮೂಲಕ ನಿಧಾನವಾಗಿ ಆರಿ ಹೋಗುತ್ತೆ. ಅಂದ್ರೆ ಗೋಡೆ ಉಸಿರಾಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ರೇನ್‌ಕೋಟ್ ಹಾಕಿಕೊಂಡು ಜಿಮ್ ಮಾಡಿದ ಹಾಗೆ. ಬೆವರು ಒಳಗೇ ಉಳಿಯುತ್ತೆ. ತೇವದ ಜೊತೆಗಿನ ಉಪ್ಪು ಇಟ್ಟಿಗೆಯನ್ನು ಒಳಗಿಂದಲೇ ಪುಡಿ ಮಾಡುತ್ತೆ. ಹೊರಗೆ ನೋಡಿದರೆ ಗೋಡೆ ನುಣ್ಣಗೆ. ಒಂದು ದಿನ ಸಿಮೆಂಟಿನ ಪದರವೇ ಇಟ್ಟಿಗೆಯ ಮುಖವನ್ನು ಕಿತ್ತುಕೊಂಡು ಬೀಳುತ್ತೆ.

ಹಾಗಾಗಿ ಬಲ್ಲವರು ಮತ್ತೆ ಸುಣ್ಣಕ್ಕೇ ಹೋಗ್ತಾರೆ. ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ವಾರಗಟ್ಟಲೆ ಕಳಿಯಲು ಬಿಡಬೇಕು. ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕೋದು ದಕ್ಷಿಣ ಭಾರತದ ಹಳೇ ಗಾರೆಯವರ ಕೈಚಳಕ. ಒಂದು ಪದರ ಒಣಗಿದ ಮೇಲೇ ಇನ್ನೊಂದು. ಹತ್ತು ದಿನದಲ್ಲಿ ಮುಗಿಸಿ ಬಿಲ್ ಕೊಡುವ ಕೆಲಸ ಅಲ್ಲ ಇದು. ಈ ವಿದ್ಯೆ ಬಲ್ಲ ಮೇಸ್ತ್ರಿಗಳೂ ಕಡಿಮೆ. ಕಡಿಮೆ ದರ ಬರೆದವರಿಗೇ ಕೆಲಸ ಕೊಡುವ ಟೆಂಡರ್ ಪದ್ಧತಿಯಲ್ಲಿ ಅಂಥ ಮೇಸ್ತ್ರಿ ಸಿಗೋದು ಇನ್ನೂ ಕಷ್ಟ.

ಎಲ್ಲ ಕಟ್ಟಡಕ್ಕೂ ಎಲ್ಲ ಕೆಲಸ ಒಗ್ಗೋದಿಲ್ಲ

ಇಂಜಿನಿಯರುಗಳು ಬಳಸುವ ಭಾರತೀಯ ಮಾನದಂಡದ ಒಂದು ಲೆಕ್ಕ ನೋಡಿ. ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹೊತ್ತರೆ ಸಾಕು. ತರಗತಿಗೆ ಸುಮಾರು 300 ಕೆ.ಜಿ. ಪುಸ್ತಕದ ರ್ಯಾಕ್ ತುಂಬಿದ ಕೋಣೆಗೆ 600 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು! 'ಸುಮ್ಮನೆ ಖಾಲಿ ಬಿದ್ದಿದೆ, ಮೇಲಿನ ಮಹಡಿಯಲ್ಲಿ ಲೈಬ್ರರಿ ಮಾಡೋಣ' ಅನ್ನೋ ಮಾತು ಎಷ್ಟು ಅಪಾಯ ನೋಡಿ. ಕೆಮಿಸ್ಟ್ರಿ ಲ್ಯಾಬ್ ಇನ್ನೂ ಕಷ್ಟ. ನೀರು, ಆಮ್ಲ, ಹೊಗೆ, ಪೈಪು. ಹಳೇ ಮರ-ಸುಣ್ಣಕ್ಕೆ ಇವ್ಯಾವುವೂ ಆಗಿಬರೋದಿಲ್ಲ.

ಒಗ್ಗಿದ ಉದಾಹರಣೆಗಳೂ ನಮ್ಮಲ್ಲೇ ಇವೆ. ಧಾರವಾಡದ ಕರ್ನಾಟಕ ಕಾಲೇಜು ಗೊತ್ತಲ್ಲ? 1917ರಲ್ಲಿ ಆರಂಭವಾದ ಈ ಕಾಲೇಜಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿಹೋಯಿತು. ಕಚೇರಿ ಅಂದ್ರೆ ಸಾಲು ಸಾಲು ದೊಡ್ಡ ಕೋಣೆ, ಗಾಳಿ ಬೆಳಕು, ಓಡಾಡೋಕೆ ಜಾಗ. ಗುಮಾಸ್ತರ ಮೇಜು ಹೋಗಿ ವಿದ್ಯಾರ್ಥಿಗಳ ಬೆಂಚು ಬಂತು. ಮುಂಬೈ ಕರ್ನಾಟಕದ ಎಷ್ಟೋ ತಲೆಮಾರು ಅಲ್ಲೇ ಓದಿತು.

ಮೈಸೂರಿನ ಚೆಲುವಾಂಬ ಮ್ಯಾನ್ಷನ್ ಇನ್ನೊಂದು. ಅದೂ ಒಬ್ಬ ರಾಜಕುಮಾರಿಯ ಮನೆ. 1950ರಿಂದ ಅದು ಸಿಎಫ್‌ಟಿಆರ್‌ಐ. ಎದುರಿಗೆ ಹುಲ್ಲುಹಾಸು, ಒಳಗೆ ಆಹಾರ ವಿಜ್ಞಾನಿಗಳ ಸಂಸ್ಥೆಯ ಆಡಳಿತ. ಅರಮನೆಯಲ್ಲಿ ಕಚೇರಿ ಉಳಿಯಿತು, ಪ್ರಯೋಗಾಲಯಗಳಿಗೆ ಆವರಣದಲ್ಲೇ ಬೇರೆ ಕಟ್ಟಡಗಳು ಎದ್ದವು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕಥೆ ಬೇರೆ. 1858ರಲ್ಲಿ ಹೈಸ್ಕೂಲಾಗಿ ಶುರುವಾದ ಸಂಸ್ಥೆ. ವಿಶ್ವೇಶ್ವರಯ್ಯ ಓದಿದ್ದು ಇಲ್ಲೇ. ಸಿ.ವಿ. ರಾಮನ್ ತಮ್ಮ ಹೊಸ ಶೋಧದ ಬಗ್ಗೆ 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟಿದ್ದೂ ಇಲ್ಲೇ. ಬೆಂಗಳೂರು ವಿಶ್ವವಿದ್ಯಾಲಯ ಜ್ಞಾನಭಾರತಿಗೆ ಹೋದ ಮೇಲೆ ಇಲ್ಲಿನ ಓಡಾಟ ಕಡಿಮೆಯಾಯಿತು. ಮೆಜೆಸ್ಟಿಕ್ ಕಡೆಗೆ ಬಸ್‌ನಲ್ಲಿ ಹೋಗುವಾಗ ಆ ಗಡಿಯಾರ ಗೋಪುರ ನೋಡಿರ್ತೀರಿ. ಒಳಗೆ ಹೋದವರು ಎಷ್ಟು ಜನ? ಈಗ ಅಲ್ಲಿ ನಗರ ವಿಶ್ವವಿದ್ಯಾಲಯ ಇದೆ. ಮತ್ತೆ ಜನ ಓಡಾಡುವಂತಾಗಿರುವುದೇ ಆ ಕಟ್ಟಡಕ್ಕೆ ಸಿಕ್ಕ ದೊಡ್ಡ ಔಷಧ.

'ಕೆಡವಿಬಿಡಿ' ಅನ್ನೋರ ಮಾತಲ್ಲೂ ನ್ಯಾಯ ಇದೆ

ಹಳತೆಲ್ಲ ಹೊನ್ನು ಅಂತ ಭಾವುಕರಾಗಿ ಮಾತಾಡೋದು ಸುಲಭ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಭಾಗವೊಂದು ಮಳೆಗೆ ಕುಸಿಯಿತು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಅಪಾಯ ಆಗಲಿಲ್ಲ. 'ನನ್ನ ಮಗಳು ಕೂತಿರೋ ಕ್ಲಾಸಿನ ಮೇಲೆ ಪರಂಪರೆ ಬೀಳೋದು ಬೇಡ' ಅಂತ ಒಬ್ಬ ತಾಯಿ ಅಂದರೆ, ಅದಕ್ಕೆ ಯಾವ ಇತಿಹಾಸಕಾರರೂ ಉತ್ತರ ಕೊಡಲಾರರು.

ಆದರೆ ಆಯ್ಕೆ ಇರೋದು 'ಉಳಿಸು' ಮತ್ತು 'ಕೆಡವು' ನಡುವೆ ಮಾತ್ರ ಅಲ್ಲ. ಸಾಮಾನ್ಯವಾಗಿ ನಾವು ಮೂರನೇ ದಾರಿ ಹಿಡೀತೀವಿ. ಉಳಿಸೋದೂ ಇಲ್ಲ, ಕೆಡವೋದೂ ಇಲ್ಲ. ಪಾಠ ನಡೆಸ್ತಾ, ಮೇಲೆ ಸಿಂಟೆಕ್ಸ್ ಟ್ಯಾಂಕ್ ಇಡ್ತಾ, ಗೋಡೆಗೆ ಎಸಿ ಕೊರೀತಾ, ಬೀಳೋ ತನಕ ಕಾಯ್ತೀವಿ. ಅಪಾಯಕ್ಕೆ ಕಾರಣ ವಯಸ್ಸಿಗಿಂತ ಹೆಚ್ಚಾಗಿ ಈ ಅಸಡ್ಡೆ. ಪರೀಕ್ಷೆ ಮಾಡಿಸಿ, ಭಾರ ಇಳಿಸಿ, ತಕ್ಕ ಕೆಲಸಕ್ಕೆ ಬದಲಾಯಿಸಿದರೆ ಅದೇ ಗೋಡೆ ಇನ್ನೂ ನೂರು ವರ್ಷ ನಿಲ್ಲಬಹುದು. ನಿಲ್ಲೋದಿಲ್ಲ ಅಂತ ತಜ್ಞರು ಹೇಳಿದರೆ ಮೊದಲು ಮಕ್ಕಳನ್ನು ಹೊರಗೆ ಕರೆತರಬೇಕು. ಚರ್ಚೆ ಆಮೇಲೆ.

ನೀವು ಏನು ಮಾಡಬಹುದು?

ನೀವು ಓದಿದ ಕಾಲೇಜು ಹಳೇ ಕಟ್ಟಡದಲ್ಲಿದ್ದರೆ, ಮುಂದಿನ ಸಲ ರೀಯೂನಿಯನ್‌ಗೆ ಹೋದಾಗ ಸೆಲ್ಫಿ ಜೊತೆಗೆ ಇವನ್ನೂ ನೋಡಿ ಬನ್ನಿ:

• ಮಾಳಿಗೆಯ ಅಂಚಲ್ಲಿ, ಗೋಡೆಯ ಸಂದಿಯಲ್ಲಿ ಅರಳಿ ಅಥವಾ ಆಲದ ಸಸಿ ಇದೆಯಾ? ಇದ್ದರೆ ಫೋಟೋ ತೆಗೆದು ಪ್ರಾಂಶುಪಾಲರಿಗೆ ಕಳಿಸಿ. ಸಸಿಯಾಗಿದ್ದಾಗ ಕೀಳೋಕೆ ಒಬ್ಬ ಸಾಕು.

• ಮಳೆನೀರಿನ ಪೈಪು ಒಡೆದಿದೆಯಾ? ಅದರ ಹಿಂದಿನ ಗೋಡೆ ಹಸಿರಾಗಿದೆಯಾ?

• ಸುಣ್ಣದ ಗೋಡೆಗೆ ಸಿಮೆಂಟ್ ತೇಪೆ, ಪ್ಲಾಸ್ಟಿಕ್ ಪೇಂಟ್ ಬಿದ್ದಿದೆಯಾ?

• ಬೀಗ ಹಾಕಿದ ಕೋಣೆಗಳೆಷ್ಟು? ಮುಚ್ಚಿದ ಕೋಣೆಯಲ್ಲಿ ಗೆದ್ದಲಿಗೆ ಹಬ್ಬ.

• ಹಳೆಯ ವಿದ್ಯಾರ್ಥಿಗಳ ಸಂಘ ಹಣ ಕೂಡಿಸುತ್ತಿದ್ದರೆ, ಹೊಸ ಕಮಾನಿಗೆ ಬದಲು ವರ್ಷವರ್ಷದ ನಿರ್ವಹಣೆಗೆ ಒಂದು ಠೇವಣಿ ಇಡೋಣ ಅಂತ ಹೇಳಿ ನೋಡಿ. ನಿಮ್ಮ ಹೆಸರಿನ ಫಲಕ ಬರದೇ ಇರಬಹುದು. ಆದರೆ ಮಾಳಿಗೆ ಸೋರೋದಿಲ್ಲ.

ಇನ್ನೂ ಒಂದಿದೆ. ಆರ್ಕಿಟೆಕ್ಟ್, ಸಿವಿಲ್ ಇಂಜಿನಿಯರ್, ಫೋಟೋಗ್ರಾಫರ್ ಆಗಿರೋರು ವಾರಾಂತ್ಯದಲ್ಲಿ ಒಂದು ದಿನ ಕೊಟ್ಟರೆ ಕಟ್ಟಡದ ಅಳತೆ, ನಕ್ಷೆ, ಚಿತ್ರ ದಾಖಲಾಗುತ್ತೆ. ಯಾವ ಗೋಡೆ ಎಲ್ಲಿತ್ತು, ಯಾವ ಬಾಗಿಲು ಹೇಗಿತ್ತು ಅನ್ನೋ ದಾಖಲೆಯೇ ಇಲ್ಲದಿದ್ದರೆ ನಾಳೆ ಕೋಟಿ ರೂಪಾಯಿ ಬಂದರೂ ಸರಿಯಾಗಿ ರಿಪೇರಿ ಮಾಡೋಕಾಗಲ್ಲ.

ಜಯಲಕ್ಷ್ಮಮ್ಮಣ್ಣಿಯವರ ಮನೆಯಲ್ಲಿ ರಾಜಮನೆತನದ ಸಂಸಾರ ಇದ್ದದ್ದು ಕೆಲವೇ ದಶಕ. ವಿಶ್ವವಿದ್ಯಾಲಯದ ಮನೆಯಾಗಿ ಅದು ಆಗಲೇ ಅರವತ್ತು ವರ್ಷ ದಾಟಿದೆ. ಮನೆ ಯಾರ ಹೆಸರಲ್ಲಿದೆ ಅನ್ನೋದು ಕಾಗದದ ಮಾತು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಎಲೆ ತೆಗೆಯೋರು ಯಾರೋ, ಅವರೇ ನಿಜವಾದ ವಾರಸುದಾರರು.

ನಿಮ್ಮ ಕಾಲೇಜಿನ ಕಟ್ಟಡ ಮೊದಲು ಏನಾಗಿತ್ತು? ಈಗ ಹೇಗಿದೆ? ಒಂದು ಫೋಟೋ ಜೊತೆ ನಾಲ್ಕು ಸಾಲು ಬರೆದು ಓದುಗರ ಅಂಕಣಕ್ಕೆ ಕಳಿಸಿ.